ಕಾವಿಗೆ ಕೂತ ಹೇಟೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟದಲ್ಲಿ ಮಾಂಸದ ಕೋಳಿಗಳನ್ನು ಮೇಯಿಸಿ ಬೆಳೆಸಬಯಸುವ ಗೃಹಿಣಿಯು ಮೊದಲು ಹೇಟೆಯ ಗುಣವನ್ನರಿಯಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯು ಬೇಗನೆ ತೂಕಕ್ಕೆ ಬರುವುದು. ಆದರೆ ಕಾವಿಗೆ ಕೂರುವುದು ಅಪರೂಪ. ಆ ಕೆಲಸಕ್ಕೆ ನಾಟಿ ಹೇಟೆಯೇ ತಕ್ಕದ್ದು. ಬೂದಿಯ ಮೇಲೆ ಒಣಹುಲ್ಲು ಹಾಸಿದ ಮಂಕರಿಯಲ್ಲಿ 10-12 ಮೊಟ್ಟೆಗಳನ್ನಿಟ್ಟು ಕೂರಿಸಿದರೆ 21 ದಿನಗಳಿಗೆ ಮರಿಯಾಗುವುವು. 7ನೆಯ ರಾತ್ರಿ ದೀಪಕ್ಕೆ ಹಿಡಿದು, ರಕ್ತನಾಳ ಕಾಣದ ಮೊಟ್ಟೆಯನ್ನು ತೆಗೆದುಬಿಡತಕ್ಕದ್ದು.

ಕೊಂಡು ತಂದ ಮರಿಗಳನ್ನು ಹಗಲಿನಲ್ಲಿ ಬಿಟ್ಟರೆ ಹೇಟೆಯು ಕುಕ್ಕಿ ಕೊಲ್ಲುವುದುಂಟು. ಕೊಟ್ಟ ಹಣವೂ ಹೋದಂತೆಯೇ. ಒಂದು ದಿನದ ಮರಿಗಳನ್ನೇ ತಂದು, ಮೂರು ವಾರ ಕಾವು ಕೂತುದರ ರೆಕ್ಕೆಯಡಿಯಲ್ಲಿ ಇರುಳು ಒಂದೊಂದಾಗಿ ಸೇರಿಸಿದರೆ, ಬೆಳಗಾಗುವಷ್ಟರಲ್ಲಿ ಸಾಮಾನ್ಯವಾಗಿ ತನ್ನವೆಂದೇ ಎಣಿಸುವುದು. ಗೊಬ್ಬರದ ಗುಂಡಿಯನ್ನು ಕೆದಕಿ, ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿಹುಳುಗಳನ್ನು ಹೆಕ್ಕುವುದನ್ನೂ ಅದೇ ಕಲಿಸುವುದು. ಹದ್ದು ಕಂಡೊಡನೆ ಕೂಗಿ ಎಚ್ಚರಿಸುವುದು. ಇರುಳಿನ ಕಾಡುಬೆಕ್ಕಿಗೆ ಮಾತ್ರ ಗೂಡಿನ ಅಗುಳಿಯನ್ನು ನಾವೇ ಹಾಕಬೇಕು.