ಕಲ್ಪಿತ ಲೋಕದ ಜನಗಣತಿ

ಊರ ಜಾತ್ರೆಗೆ ಎಷ್ಟು ಜನ ಸೇರಿದ್ದರೆಂದು ಮರುದಿನ ಕೇಳಿದರೆ ಒಬ್ಬೊಬ್ಬರು ಒಂದೊಂದು ಸಂಖ್ಯೆಯನ್ನು ಹೇಳುತ್ತಾರೆ. ತೇರಿನ ಬಳಿ ನಿಂತವನ ಅಂದಾಜು ಒಂದು, ಊರ ಬಾಗಿಲಲ್ಲಿ ಅಂಗಡಿ ಹೂಡಿದವನ ಅಂದಾಜು ಇನ್ನೊಂದು. ಬಂದವರ ಹೆಸರನ್ನು ಯಾರೂ ಬರೆದಿಟ್ಟುಕೊಳ್ಳದಿರುವುದರಿಂದ ಈ ಭೇದವು ಸಹಜವೇ ಆಗಿದೆ. ಆದರೆ ಒಳಗೆ ಕಾಲಿಟ್ಟ ಪ್ರತಿಯೊಬ್ಬನ ಹೆಸರನ್ನೂ, ಬಂದ ಹೊತ್ತನ್ನೂ, ನಿಂತ ಸ್ಥಳವನ್ನೂ ಯಂತ್ರವೇ ತಿಳಿದಿರುವಂಥ ಲೋಕವೊಂದಿದ್ದರೆ, ಅಲ್ಲಿನ ಜನರನ್ನು ಎಣಿಸುವುದು ಮಕ್ಕಳಾಟವೆಂದು ನಮಗೆ ತೋರುತ್ತದೆ. ಅಂಥ ಲೋಕಗಳು ಇಂದು ಇವೆ. ಆದರೆ ಅಲ್ಲಿಯೂ ಎಣಿಕೆ ಸುಲಭವಾಗಿಲ್ಲ. ಏಕೆ ಸುಲಭವಾಗಿಲ್ಲವೆಂಬುದನ್ನು ವಿಚಾರ ಮಾಡಿದರೆ, ಅಳತೆಯೆಂಬ ವಿಷಯದಲ್ಲಿಯೇ ನಮಗೆ ಒಂದು ಒಳ್ಳೆಯ ಪಾಠ ದೊರೆಯುತ್ತದೆ.

ಲೋಕದ ರಚನೆ

ನಾವು ಉದಾಹರಣೆಗಾಗಿ ‘ಸೆಕೆಂಡ್ ಲೈಫ್’ ಎಂಬ ಲೋಕವನ್ನು ತೆಗೆದುಕೊಳ್ಳೋಣ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಲಿಂಡನ್ ಲ್ಯಾಬ್ ಎಂಬ ಸಂಸ್ಥೆ ೨೦೦೩ರ ಜೂನ್ ತಿಂಗಳಿನಲ್ಲಿ ಇದನ್ನು ಸಾರ್ವಜನಿಕರಿಗೆ ತೆರೆಯಿತು. ಫಿಲಿಪ್ ರೋಸ್‌ಡೇಲ್ ಎಂಬವರು ಇದರ ಸ್ಥಾಪಕರು. ತಮ್ಮ ಮನೆಯ ಗಣಕಯಂತ್ರದ ಮುಂದೆ ಕುಳಿತವರು ಅಂತರಜಾಲದ ಮೂಲಕ ಈ ಲೋಕವನ್ನು ಪ್ರವೇಶಿಸುತ್ತಾರೆ. ಅಲ್ಲಿ ಅವರಿಗೆ ಒಂದು ರೂಪವಿರುತ್ತದೆ. ಅದಕ್ಕೆ ‘ಅವತಾರ’ವೆಂದೇ ಹೆಸರು, ನಮ್ಮ ಶಬ್ದವೇ ಇಂಗ್ಲಿಷಿಗೆ ಹೋಗಿ ಈ ಅರ್ಥವನ್ನು ಪಡೆದಿದೆ. ಅಲ್ಲಿನ ನಿವಾಸಿಗಳು ನೆಲವನ್ನು ಕೊಳ್ಳುತ್ತಾರೆ, ಮನೆ ಕಟ್ಟುತ್ತಾರೆ, ತಾವು ಮಾಡಿದ ವಸ್ತುಗಳನ್ನು ಮಾರುತ್ತಾರೆ.

ಈ ಲೋಕದ ನೆಲವು ಚೌಕಗಳಾಗಿ ವಿಭಾಗಿಸಲ್ಪಟ್ಟಿದೆ. ಒಂದೊಂದು ಚೌಕದ ಬದಿ ೨೫೬ ಮೀಟರು. ಅಂದರೆ ವಿಸ್ತೀರ್ಣವು ಸುಮಾರು ೧೬ ಎಕರೆ. ಒಂದೊಂದು ಚೌಕವನ್ನೂ ನಡೆಸುವ ಹೊಣೆ ದೂರದಲ್ಲಿರುವ ಸರ್ವರ್ ಯಂತ್ರದ ಮೇಲಿದೆ. ಎಸೆದ ಚೆಂಡು ಎಲ್ಲಿ ಬೀಳಬೇಕು, ಬಾಗಿಲು ಯಾವಾಗ ತೆರೆಯಬೇಕು, ನಡೆಯುವವನು ಗೋಡೆಗೆ ತಗುಲಿ ಹೇಗೆ ನಿಲ್ಲಬೇಕು ಎಂಬ ಲೆಕ್ಕಗಳನ್ನೆಲ್ಲ ಆ ಯಂತ್ರವು ಸೆಕೆಂಡಿಗೆ ೪೫ ಸಲ ಹೊಸದಾಗಿ ಮಾಡುತ್ತದೆ. ಎಂದರೆ, ಒಂದು ಸುತ್ತಿನ ಲೆಕ್ಕಕ್ಕೆ ಅದಕ್ಕಿರುವ ಅವಕಾಶ ಸುಮಾರು ೨೨ ಮಿಲಿಸೆಕೆಂಡು ಮಾತ್ರ.

ಚೌಕದಲ್ಲಿ ಜನಸಂದಣಿಯಾಗಿ ಲೆಕ್ಕವು ಈ ಅವಧಿಯಲ್ಲಿ ಮುಗಿಯದೆ ಹೋದರೆ ಏನಾಗುತ್ತದೆ? ಯಂತ್ರವು ಆ ಲೋಕದ ಕಾಲವನ್ನೇ ನಿಧಾನಗೊಳಿಸುತ್ತದೆ! ಇದನ್ನು ಅಳೆಯಲು ಒಂದು ಮಾನವಿದೆ. ಎಲ್ಲವೂ ಸರಿಯಾಗಿದ್ದಾಗ ಅದರ ಬೆಲೆ ೧. ಅದು ಅರ್ಧಕ್ಕೆ ಇಳಿದರೆ ಚಲನೆಗಳೆಲ್ಲ ಅರ್ಧ ವೇಗದಲ್ಲಿ ನಡೆಯುತ್ತವೆ. ಸಾಪೇಕ್ಷತಾವಾದದಲ್ಲಿ ಬರುವ ‘ಕಾಲವಿಸ್ತರಣ’ವೆಂಬ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ; ಕಾರಣ ಮಾತ್ರ ಪೂರ್ತಿ ಬೇರೆ. ಇಂಥ ಮಂದಗತಿಯಿಂದ ಬೇಸತ್ತ ಜನರು ಆ ಸ್ಥಳವನ್ನು ಬಿಟ್ಟು ಹೋಗಬಹುದು. ಆದ್ದರಿಂದ ಒಂದು ಸಂಜೆ ಜನಸಂಖ್ಯೆ ಇಳಿಯಿತೆಂದರೆ, ಉತ್ಸವವು ನೀರಸವಾಗಿತ್ತೆಂದು ಕೂಡಲೇ ತೀರ್ಮಾನಿಸುವಂತಿಲ್ಲ. ಯಂತ್ರದ ಸ್ಥಿತಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಹೆಸರೂ ಹಾಜರಿಯೂ

ಶಾಲೆಯ ದಾಖಲೆ ಪುಸ್ತಕದಲ್ಲಿರುವ ಹೆಸರುಗಳೆಲ್ಲ ಆ ದಿನದ ಹಾಜರಿಯಲ್ಲವಷ್ಟೆ. ಈ ಸರಳ ಭೇದವೇ ೨೦೦೬ರಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಆ ವರ್ಷದ ಮಧ್ಯದಲ್ಲಿ, ಹಣಪಾವತಿಯ ವಿವರಗಳನ್ನು ಕೊಡದೆಯೇ ಹೊಸಬರು ಹೆಸರು ನೋಂದಾಯಿಸಬಹುದೆಂಬ ವ್ಯವಸ್ಥೆ ಬಂದಿತು. ಅಕ್ಟೋಬರಿನಲ್ಲಿ ನೋಂದಣಿಯ ಸಂಖ್ಯೆ ೧೦ ಲಕ್ಷವನ್ನು ಮುಟ್ಟಿತು. ಡಿಸೆಂಬರಿನಲ್ಲಿ ೨೦ ಲಕ್ಷವಾಯಿತು. ಪತ್ರಿಕೆಗಳು ಈ ಸಂಖ್ಯೆಗಳನ್ನು ಕೊಂಡಾಡಿದವು. ಆದರೆ ಅದೇ ಕಾಲದಲ್ಲಿ ಒಮ್ಮೆಗೆ ಒಳಗೆ ಇರುತ್ತಿದ್ದವರ ಸಂಖ್ಯೆ ಹತ್ತಿಪ್ಪತ್ತು ಸಾವಿರದ ಮಟ್ಟದಲ್ಲಿತ್ತು. ಅಮೆರಿಕದ ಲೇಖಕ ಕ್ಲೇ ಶಿರ್ಕಿ ಮೊದಲಾದವರು ಈ ಅಂತರವನ್ನು ಎತ್ತಿ ತೋರಿಸಿದರು. ಒಬ್ಬನೇ ಎರಡು ಮೂರು ಹೆಸರುಗಳನ್ನು ಪಡೆಯಬಹುದು. ಕುತೂಹಲಕ್ಕಾಗಿ ಒಂದು ಸಲ ಬಂದವನು ಮತ್ತೆ ಬಾರದೆ ಹೋಗಬಹುದು. ನೋಂದಣಿಯ ಸಂಖ್ಯೆ ಏರುವುದನ್ನು ಮಾತ್ರ ಬಲ್ಲದು. ಬಿಟ್ಟುಹೋದವನನ್ನು ಅದು ಕಳೆಯುವುದೇ ಇಲ್ಲ.

ಏಕಕಾಲದ ಹಾಜರಿಯು ಇದಕ್ಕಿಂತ ಪ್ರಾಮಾಣಿಕವಾದ ಅಳತೆ. ಅದು ೨೦೦೯ರ ಆರಂಭದಲ್ಲಿ ೮೮ ಸಾವಿರದಷ್ಟಾಗಿತ್ತು. ಆದರೆ ಈ ಹಾಜರಿಯಲ್ಲಿಯೂ ಒಂದು ಸಂದೇಹವಿದೆ: ಅಲ್ಲಿ ನಿಂತಿರುವ ಅವತಾರದ ಹಿಂದೆ ಮನುಷ್ಯನಿದ್ದಾನೆಯೆ?

ಕುರ್ಚಿಯ ಮೇಲಿನ ಬೊಂಬೆಗಳು

ಈ ಲೋಕದಲ್ಲಿ ಪ್ರತಿಯೊಂದು ನಿವೇಶನಕ್ಕೂ ಸಂದರ್ಶಕರು ಅಲ್ಲಿ ಕಳೆದ ನಿಮಿಷಗಳನ್ನು ಕೂಡಿಸಿ ‘ಸಂಚಾರ’ವೆಂಬ ಅಂಕವನ್ನು ಕೊಡುತ್ತಿದ್ದರು. ಸ್ಥಳಗಳನ್ನು ಹುಡುಕುವವರಿಗೆ ಹೆಚ್ಚು ಅಂಕದ ಸ್ಥಳವು ಪಟ್ಟಿಯಲ್ಲಿ ಮೇಲೆ ಕಾಣುತ್ತಿತ್ತು. ಜನ ಮೆಚ್ಚಿದ ಸ್ಥಳವನ್ನು ಗುರುತಿಸುವುದೇ ಇದರ ಉದ್ದೇಶವಾಗಿತ್ತು. ಅಂಗಡಿಯವರು ಇದರ ಮರ್ಮವನ್ನು ಬೇಗನೆ ಅರಿತರು. ಕುಳಿತವರಿಗೆ ಇಷ್ಟು ನಿಮಿಷಕ್ಕೆ ಇಷ್ಟು ಕಾಸೆಂದು ಕೊಡುವ ಕುರ್ಚಿಗಳನ್ನು ಹಾಕಿದರು. ಇನ್ನು ಕೆಲವರು ಮನುಷ್ಯರೇ ಇಲ್ಲದ, ಯಂತ್ರದಿಂದಲೇ ನಡೆಯುವ ಅವತಾರಗಳನ್ನು ತಂದು ನಿಲ್ಲಿಸಿದರು.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ಒಂದು ಅಂಗಡಿಗೆ ದಿನಕ್ಕೆ ೪೮ ಮಂದಿ ನಿಜವಾದ ಗಿರಾಕಿಗಳು ಬಂದು ತಲಾ ಅರ್ಧ ಗಂಟೆ ಇದ್ದರೆಂದು ಭಾವಿಸೋಣ. ಅದರ ಅಂಕ ೧,೪೪೦. ಪಕ್ಕದ ಅಂಗಡಿಗೆ ಒಬ್ಬ ಗಿರಾಕಿಯೂ ಬರಲಿಲ್ಲ. ಆದರೆ ಅಲ್ಲಿ ಒಂದು ಬೊಂಬೆ ೨೪ ಗಂಟೆಯೂ ನಿಂತಿತ್ತು. ಅದರ ಅಂಕವೂ ೧,೪೪೦! ಶ್ರಮಪಟ್ಟು ಒಳ್ಳೆಯ ಸಾಮಾನು ಮಾಡಿದವನಿಗೂ ಬೊಂಬೆಯನ್ನು ನಿಲ್ಲಿಸಿದವನಿಗೂ ಅಳತೆಯಲ್ಲಿ ಭೇದವೇ ಉಳಿಯಲಿಲ್ಲ. ಈ ಲೋಕದ ಹಣವನ್ನು ನಿಜವಾದ ಡಾಲರುಗಳಿಗೆ ಬದಲಾಯಿಸಿಕೊಳ್ಳಬಹುದಾದ್ದರಿಂದ ಇದು ಬರಿಯ ಆಟದ ಅನ್ಯಾಯವಾಗಿರಲಿಲ್ಲ. ಕೊನೆಗೆ ೨೦೦೯ರಲ್ಲಿ ಸಂಸ್ಥೆಯು ಅಂಕ ಹೆಚ್ಚಿಸುವುದಕ್ಕಾಗಿ ಬೊಂಬೆಗಳನ್ನು ನಿಲ್ಲಿಸುವುದನ್ನು ನಿಷೇಧಿಸಿತು. ಯಂತ್ರಚಾಲಿತ ಅವತಾರಗಳನ್ನು ಹಾಗೆಂದೇ ನಮೂದಿಸಬೇಕೆಂದು ವಿಧಿಸಿತು. ಇಂಥ ಕ್ರಮದ ಬಳಿಕ ಹಾಜರಿ ಇಳಿದರೆ ಜನ ಊರು ಬಿಟ್ಟರೆಂದು ಅರ್ಥವಲ್ಲ. ಬೊಂಬೆಗಳು ಹೋದುವೆಂದೂ ಅರ್ಥವಾಗಬಹುದು.

ಅಳೆಯುವ ಉಪಕರಣದ ಮಿತಿ

ನಿವಾಸಿಗಳು ತಾವೇ ಎಣಿಕೆಯ ಯಂತ್ರಗಳನ್ನು ರಚಿಸಿಕೊಳ್ಳುವುದೂ ಉಂಟು. ವಸ್ತುವಿನೊಳಗೆ ‘ಸ್ಕ್ರಿಪ್ಟ್’ ಎಂಬ ಆಜ್ಞೆಗಳ ಮಾಲೆಯನ್ನು ಬರೆದಿಟ್ಟರೆ, ಅದು ಸುತ್ತಲಿರುವವರನ್ನು ಆಗಾಗ್ಗೆ ಹುಡುಕಿ ಲೆಕ್ಕವಿಡುತ್ತದೆ. ಆದರೆ ಈ ಹುಡುಕಾಟವು ೯೬ ಮೀಟರಿನಾಚೆಗೆ ಹೋಗಲಾರದು. ಅಲ್ಲದೆ ಬಹುಕಾಲದವರೆಗೆ ಅದು ಒಂದು ಸಲಕ್ಕೆ ೧೬ ಮಂದಿಯನ್ನು ಮಾತ್ರ ತಿಳಿಸುತ್ತಿತ್ತು. ಸಂಗೀತ ಕಚೇರಿಗೆ ೪೦ ಮಂದಿ ಸೇರಿದ್ದರೂ ಆ ಯಂತ್ರದ ಪ್ರಕಾರ ಹಾಜರಿ ಹದಿನಾರೇ! ಮುಂದೆ ಚೌಕದಲ್ಲಿರುವ ಎಲ್ಲರ ಪಟ್ಟಿಯನ್ನು ಒಮ್ಮೆಗೇ ಕೊಡುವ ಹೊಸ ಆಜ್ಞೆ ಬಂದಿತು. ಅದನ್ನು ಅಳವಡಿಸಿಕೊಂಡ ದಿನ ನಕ್ಷೆಯ ಗೆರೆ ೧೬ರಿಂದ ೪೦ಕ್ಕೆ ಹಾರುತ್ತದೆ. ಬದಲಾದುದು ಜನವಲ್ಲ, ಮಾಪಕ. ಆ ದಿನದ ಟಿಪ್ಪಣಿಯನ್ನು ಬರೆದಿಡದವನು ಮುಂದಿನ ವರ್ಷ ಈ ನೆಗೆತವನ್ನು ಕಂಡು ತನ್ನ ಕಚೇರಿಯ ಕೀರ್ತಿ ಹಬ್ಬಿತೆಂದು ಹಿಗ್ಗಬಹುದು.

ಚಟುವಟಿಕೆಯು ಒಮ್ಮೆಗೇ ಏರಿತೆಂದರೆ ಅದು ಏಳಿಗೆಯ ಲಕ್ಷಣವೆಂದೂ ಹೇಳಲಾಗದು. ೨೦೦೬ರ ನವೆಂಬರ್ ೧೯ರಂದು ಈ ಲೋಕದಲ್ಲಿ ಬಂಗಾರದ ಬಣ್ಣದ ಉಂಗುರಗಳು ಕಾಣಿಸಿಕೊಂಡವು. ತಮ್ಮ ಪ್ರತಿಗಳನ್ನು ತಾವೇ ಸೃಷ್ಟಿಸುವ ಸ್ಕ್ರಿಪ್ಟ್ ಅವುಗಳಲ್ಲಿತ್ತು. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವ ವಸ್ತು ಇಪ್ಪತ್ತೇ ಸುತ್ತುಗಳಲ್ಲಿ ೧೦ ಲಕ್ಷವನ್ನು ಮೀರುತ್ತದೆ. ಇಂಥ ಬೆಳವಣಿಗೆಯ ಭಾರಕ್ಕೆ ಯಂತ್ರಗಳು ಕುಸಿದವು. ಸಂಸ್ಥೆಯು ಪ್ರವೇಶವನ್ನು ಸ್ವಲ್ಪ ಕಾಲ ತಡೆದು ಉಂಗುರಗಳನ್ನು ಗುಡಿಸಬೇಕಾಯಿತು.

ಹೋಲಿಕೆಯ ಹೊಲ

ಹಾಗಾದರೆ ತಾಂತ್ರಿಕ ಬದಲಾವಣೆಯ ಫಲವನ್ನು ತಿಳಿಯುವ ಬಗೆ ಯಾವುದು? ಜಾಣ ರೈತನು ಹೊಸ ಗೊಬ್ಬರವನ್ನು ಹೊಲಕ್ಕೆಲ್ಲ ಚೆಲ್ಲುವುದಿಲ್ಲ. ಒಂದು ಪಟ್ಟೆಗೆ ಹಾಕಿ ಉಳಿದುದರೊಡನೆ ಹೋಲಿಸುತ್ತಾನೆ. ಇಲ್ಲಿಯೂ ಹೊಸ ಸರ್ವರ್ ಆವೃತ್ತಿಯನ್ನು ಮೊದಲು ಕೆಲವು ಚೌಕಗಳಿಗೆ ಮಾತ್ರ ಅಳವಡಿಸಿ, ದೋಷಗಳು ಕಾಣದಿದ್ದರೆ ಮಿಕ್ಕವುಗಳಿಗೆ ವಿಸ್ತರಿಸುವ ಪದ್ಧತಿ ಬೆಳೆದುಬಂದಿದೆ. ಎರಡು ಗುಂಪುಗಳೂ ಒಂದೇ ದಿನದ, ಒಂದೇ ಹೊತ್ತಿನ ಅನುಭವವನ್ನು ಪಡೆದಿರುವುದರಿಂದ ಹಬ್ಬ, ರಜಾದಿನ ಮುಂತಾದುವುಗಳ ಪ್ರಭಾವ ಎರಡಕ್ಕೂ ಸಮಾನ. ಉಳಿಯುವ ವ್ಯತ್ಯಾಸಕ್ಕೆ ಹೊಸ ಆವೃತ್ತಿಯೇ ಕಾರಣವೆಂದು ಊಹಿಸಬಹುದು. ಆದರೆ ಗೊಬ್ಬರ ಹಾಕಿದ ಪಟ್ಟೆಯು ಮೊದಲೇ ಫಲವತ್ತಾಗಿದ್ದರೆ ಹೋಲಿಕೆ ಕೆಟ್ಟಿತು. ಚೌಕಗಳ ಆಯ್ಕೆಯಲ್ಲಿಯೂ ಈ ಎಚ್ಚರ ಬೇಕು.

ಇನ್ನೊಂದು ಎಚ್ಚರವೂ ಅವಶ್ಯಕ. ಎಣಿಸುವ ಯಂತ್ರವು ಹೆಸರುಗಳನ್ನೂ ಬರೆದಿಟ್ಟರೆ, ಯಾರು ಯಾವ ಹೊತ್ತಿನಲ್ಲಿ ಯಾರ ಮನೆಯಲ್ಲಿದ್ದರೆಂಬ ದಾಖಲೆಯೇ ಸಿದ್ಧವಾಗುತ್ತದೆ. ಅವತಾರದ ಹಿಂದಿರುವವನು ಮನುಷ್ಯ. ಜಾತ್ರೆಯ ಜನವನ್ನು ಎಣಿಸಲು ಅವರ ಹಿಂದೆ ಮನೆಯವರೆಗೆ ಹೋಗಬೇಕಾಗಿಲ್ಲ; ಸಂಖ್ಯೆ ಸಾಕಾದಲ್ಲಿ ಹೆಸರನ್ನು ಉಳಿಸಿಕೊಳ್ಳದಿರುವುದೇ ಸರಿಯಾದ ಮಾರ್ಗ.

ಯಾವುದೇ ಸಂಖ್ಯೆ ನಮ್ಮ ಮುಂದೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಈ ಕಲ್ಪಿತ ಲೋಕವು ನಮಗೆ ಕಲಿಸುತ್ತದೆ. ಎಣಿಸಿದ್ದು ಏನನ್ನು? ಎಣಿಸಿದ್ದು ಯಾವುದರಿಂದ? ಎಣಿಸುತ್ತಿದ್ದಾಗ ಬೇರೇನು ಬದಲಾಯಿತು? ಪ್ರತಿ ಹೆಜ್ಜೆಯೂ ಯಂತ್ರಕ್ಕೆ ತಿಳಿದಿರುವ ಲೋಕದಲ್ಲಿಯೇ ಈ ಪ್ರಶ್ನೆಗಳನ್ನು ಬಿಟ್ಟವರು ಬೊಂಬೆಯನ್ನು ಗಿರಾಕಿಯೆಂದು ಭ್ರಮಿಸಿದರು. ಹೆಜ್ಜೆಗಳ ದಾಖಲೆಯೇ ಇಲ್ಲದ ನಮ್ಮ ಲೋಕದಲ್ಲಿ ಈ ಪ್ರಶ್ನೆಗಳನ್ನು ಕೇಳುವ ಅಗತ್ಯವು ಇನ್ನೆಷ್ಟು ಹೆಚ್ಚೆಂಬುದನ್ನು ಬೇರೆ ಹೇಳಬೇಕಾಗಿಲ್ಲ.