ಟೊಮೇಟೊ ಧಾರಣೆ: ಸುದ್ದಿಯ ಹಿಂದಿನ ಲೆಕ್ಕ

2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೇಟೊ ಬಾಕ್ಸು 2,000 ರೂಪಾಯಿ ದಾಟಿದ ಸುದ್ದಿಯನ್ನು ರೈತ ಬಾಂಧವರು ಓದಿರಬಹುದು. ಸೆಪ್ಟೆಂಬರ್ ಹೊತ್ತಿಗೆ ಧಾರಣೆ ಕುಸಿದುಬಿಟ್ಟಿತು. ಇದಕ್ಕೆ ದಲ್ಲಾಳಿಗಳನ್ನಷ್ಟೇ ದೂರಿದರೆ ಸಾಲದು.

ಬೆಲೆ ಅರ್ಧಕ್ಕಿಳಿದರೂ ಯಾರ ಮನೆಯ ಸಾರಿಗೂ ಎರಡರಷ್ಟು ಹಣ್ಣು ಬೀಳುವುದಿಲ್ಲ. ಅರ್ಥಶಾಸ್ತ್ರದಲ್ಲಿ ಇದನ್ನು ಸ್ಥಿತಿಸ್ಥಾಪಕತ್ವವಿಲ್ಲದ ಬೇಡಿಕೆ ಎನ್ನುವರು. ಹೆಸರು ಉದ್ದ, ವಿಷಯ ಸರಳ: ಮಳೆ, ರೋಗಗಳಿಂದ ಆವಕ ಸ್ವಲ್ಪ ತಗ್ಗಿದರೂ ಧಾರಣೆ ಬಹಳ ಏರುತ್ತದೆ, ಸ್ವಲ್ಪ ಹೆಚ್ಚಿದರೆ ನೆಲಕಚ್ಚುತ್ತದೆ. ನಾಟಿಯಿಂದ ಮೊದಲ ಕೊಯ್ಲಿಗೆ ಎರಡು ತಿಂಗಳಿಗೂ ಮೇಲ್ಪಟ್ಟು ಕಾಲ ಬೇಕು. ಏರಿದ ಬೆಲೆ ನೋಡಿ ಸಸಿ ನೆಟ್ಟವರೆಲ್ಲರ ಹಣ್ಣೂ ಒಟ್ಟಿಗೇ ಪೇಟೆಗೆ ಬರುತ್ತದೆ.

ಆದುದರಿಂದ ನಾಟಿಗೆ ಮುನ್ನ ಅಂದಿನ ಧಾರಣೆಯ ಜೊತೆಗೆ ಸುತ್ತಲಿನ ನರ್ಸರಿಗಳಲ್ಲಿ ಸಸಿಗೆ ಎಷ್ಟು ನೂಕುನುಗ್ಗಲಿದೆ ಎಂಬುದನ್ನೂ ವಿಚಾರಿಸಿರಿ. ಸಸಿ ಸಿಗುವುದೇ ಕಷ್ಟವೆಂದರೆ ಆ ತಾಕಿನಲ್ಲಿ ಅರ್ಧಕ್ಕಾದರೂ ಬೇರೆ ಬೆಳೆ ಇಡಿರಿ.