ಚೆರ್ರಿ ಬೀಜದ ಎಣ್ಣೆ: ಚರ್ಮ ಮತ್ತು ಕೇಶಗಳ ಆರೈಕೆಯಲ್ಲಿ ಅದರ ಸ್ಥಾನ

ಅಭ್ಯಂಜನವು ಕನ್ನಡಿಗರಿಗೆ ಹೊಸದೇನೂ ಅಲ್ಲ. ನರಕಚತುರ್ದಶಿಯ ಮುಂಜಾನೆಯ ಎಣ್ಣೆಸ್ನಾನವಿಲ್ಲದೆ ಎಷ್ಟೋ ಮನೆಗಳಲ್ಲಿ ದೀಪಾವಳಿಯು ಆರಂಭವಾಗುವುದೇ ಇಲ್ಲ. ತೆಂಗಿನೆಣ್ಣೆ, ಎಳ್ಳೆಣ್ಣೆ, ಹರಳೆಣ್ಣೆಗಳ ಗುಣಾವಗುಣಗಳನ್ನು ಮನೆಯ ಹಿರಿಯರು ಅನುಭವದಿಂದಲೇ ಬಲ್ಲರು. ಆದರೆ ಸೌಂದರ್ಯಸಾಧನಗಳ ಮಾರುಕಟ್ಟೆಯಲ್ಲಿ ಇಂದು ಪುಟ್ಟ ಸೀಸೆಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುವ ಚೆರ್ರಿ ಬೀಜದ ಎಣ್ಣೆಯು ಅವರಿಗೂ ಅಪರಿಚಿತ. ಇದು ಚರ್ಮವನ್ನು ಮೃದುಗೊಳಿಸುತ್ತದೆ, ಬಿಸಿಲಿನಿಂದ ರಕ್ಷಿಸುತ್ತದೆ, ಕೂದಲನ್ನು ಬೆಳೆಸುತ್ತದೆ ಎಂದು ಮಾರುವವರು ಹೇಳುತ್ತಾರೆ. ಈ ಮೂರು ಮಾತುಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ನಿಜ, ಉಳಿದೆರಡು ನಿಜವಲ್ಲ. ಕಾರಣಗಳನ್ನು ಅರಿತು ಬಳಸಿದರೆ ಹಣವೂ ಉಳಿಯುತ್ತದೆ, ಅಪಾಯವೂ ತಪ್ಪುತ್ತದೆ.

ಎಣ್ಣೆಯ ಮೂಲ

ಚೆರ್ರಿಯು ಗುಲಾಬಿಯ ಕುಟುಂಬಕ್ಕೆ ಸೇರಿದ ಸಸ್ಯ. ಬಾದಾಮಿ, ಜರ್ದಾಳು, ಪೀಚ್, ಪ್ಲಮ್ ಇವೆಲ್ಲ ಅದರ ಹತ್ತಿರದ ಬಂಧುಗಳು. ಭಾರತದಲ್ಲಿ ಕಾಶ್ಮೀರ ಮತ್ತು ಹಿಮಾಚಲ ಪ್ರದೇಶಗಳ ತಂಪು ಹವೆಯಲ್ಲಿ ಇದು ಬೆಳೆಯುತ್ತದೆ. ತುರ್ಕಿಯೂ ಅಮೆರಿಕದ ಮಿಶಿಗನ್ ಪ್ರಾಂತವೂ ಚೆರ್ರಿ ಬೆಳೆಗೆ ಹೆಸರಾದವು. ಹಣ್ಣಿನಿಂದ ರಸ, ಜಾಮ್ ಮೊದಲಾದವನ್ನು ತಯಾರಿಸುವಾಗ ಓಟೆಗಳು ರಾಶಿಗಟ್ಟಲೆ ಉಳಿಯುತ್ತವೆ. ಸ್ವಿಟ್ಜರ್ಲೆಂಡ್, ಜರ್ಮನಿಗಳಲ್ಲಿ ಅವನ್ನು ತೊಳೆದು ಒಣಗಿಸಿ, ಬಟ್ಟೆಯ ಚೀಲಗಳಲ್ಲಿ ತುಂಬಿ, ಬಿಸಿಮಾಡಿ ಶಾಖ ಕೊಡಲು ಬಳಸುವ ರೂಢಿಯುಂಟು. ಓಟೆಯನ್ನು ಒಡೆದು ಒಳಗಿನ ತಿರುಳನ್ನು ಹಿಂಡಿದರೆ ಬರುವುದೇ ಚೆರ್ರಿ ಬೀಜದ ಎಣ್ಣೆ. ಪ್ರತಿ ಓಟೆಯಲ್ಲೂ ತಿರುಳು ಕಡಿಮೆ, ಗಟ್ಟಿಯಾದ ಕವಚವೇ ಹೆಚ್ಚು. ಆದುದರಿಂದಲೇ ಕಚ್ಚಾವಸ್ತುವು ತ್ಯಾಜ್ಯವಾದರೂ ಎಣ್ಣೆಯು ಅಗ್ಗವಲ್ಲ.

ಚರ್ಮಕ್ಕೆ ಆಗುವ ಉಪಯೋಗ

ಚರ್ಮದ ಅತ್ಯಂತ ಹೊರಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಸತ್ತ ಜೀವಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವಣ ಸ್ನಿಗ್ಧ ಪದಾರ್ಥವು ಗಾರೆ. ದೇಹದ ನೀರು ಆವಿಯಾಗಿ ಹೋಗದಂತೆ ತಡೆಯುವುದು ಈ ಗಾರೆಯೇ. ಇದರ ರಚನೆಗೆ ಲಿನೋಲಿಯಿಕ್ ಆಮ್ಲವು ಅವಶ್ಯಕ. ಕೊಬ್ಬಿಲ್ಲದ ಆಹಾರ ತಿಂದ ಇಲಿಗಳ ಚರ್ಮವು ಹೊಪ್ಪಳಿಕೆಯೆದ್ದು ಹಾಳಾಗುವುದನ್ನು 1929ರಲ್ಲಿ ಅಮೆರಿಕದ ಬರ್ ದಂಪತಿಗಳು ತೋರಿಸಿಕೊಟ್ಟರು. ಈ ಆಮ್ಲದ ಮಹತ್ವವು ಬೆಳಕಿಗೆ ಬಂದದ್ದು ಅಂತಹ ಪ್ರಯೋಗಗಳಿಂದ.

ಎಲ್ಲ ಎಣ್ಣೆಗಳೂ ಚರ್ಮಕ್ಕೆ ಸಮಾನವಲ್ಲ. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ಓಲಿಯಿಕ್ ಆಮ್ಲವು ಅಧಿಕವಾಗಿರುವ ಆಲಿವ್ ಎಣ್ಣೆಯನ್ನು ಹಲವು ವಾರ ಹಚ್ಚಿದ ಚರ್ಮದ ಹೊರಪದರವು ದುರ್ಬಲಗೊಂಡಿತು; ಲಿನೋಲಿಯಿಕ್ ಆಮ್ಲವು ಅಧಿಕವಾಗಿರುವ ಸೂರ್ಯಕಾಂತಿ ಎಣ್ಣೆಯಿಂದ ಆ ಹಾನಿಯಾಗಲಿಲ್ಲ. ಚೆರ್ರಿ ಬೀಜದ ಎಣ್ಣೆಯಲ್ಲಿ ಈ ಎರಡು ಆಮ್ಲಗಳೂ ಗಣನೀಯ ಪ್ರಮಾಣದಲ್ಲಿವೆ. ಜೊತೆಗೆ ಇ ಜೀವಸತ್ವದ ಗುಂಪಿಗೆ ಸೇರಿದ ಟೋಕೋಫೆರಾಲ್‌ಗಳೂ ಇವೆ. ಆದುದರಿಂದ ಇದು ಒಣಚರ್ಮಕ್ಕೆ ಹಿತವಾದ, ಮಧ್ಯಮ ತರಗತಿಯ ಎಣ್ಣೆ. ಆದರೆ ಲಿನೋಲಿಯಿಕ್ ಆಮ್ಲಕ್ಕಾಗಿಯೇ ಇದನ್ನು ಕೊಳ್ಳಬೇಕಾಗಿಲ್ಲ. ಉತ್ತರ ಕರ್ನಾಟಕದ ಮನೆಗಳಿಗೆ ಚಿರಪರಿಚಿತವಾದ ಕುಸುಬೆ ಎಣ್ಣೆಯ ಸಾಂಪ್ರದಾಯಿಕ ತಳಿಗಳಲ್ಲಿ ಆ ಆಮ್ಲವು ಸುಮಾರು ಮುಕ್ಕಾಲು ಪಾಲು ಇರುತ್ತದೆ.

ಬಿಸಿಲಿನ ರಕ್ಷಣೆ ಎಂಬ ಭ್ರಮೆ

ಚೆರ್ರಿ ಬೀಜದ ಎಣ್ಣೆಯಲ್ಲಿ ಎಲಿಯೋಸ್ಟಿಯರಿಕ್ ಎಂಬ ವಿಶಿಷ್ಟ ಆಮ್ಲವೂ ಇದೆ. ಇದು ನೇರಳಾತೀತ ಕಿರಣಗಳನ್ನು ಹೀರುತ್ತದೆ ಎಂಬುದು ಸತ್ಯ. ಆದರೆ ಹೀರುವುದು ಮುಖ್ಯವಾಗಿ 260ರಿಂದ 280 ನ್ಯಾನೋಮೀಟರ್ ಉದ್ದದ ಅಲೆಗಳನ್ನು. ಆ ಅಲೆಗಳನ್ನು ವಾಯುಮಂಡಲದ ಓಜೋನ್ ಪದರವೇ ತಡೆದುಬಿಡುತ್ತದೆ. ಅವು ಭೂಮಿಯನ್ನು ಮುಟ್ಟುವುದಿಲ್ಲ. ಚರ್ಮವನ್ನು ಸುಡುವ, ಕಪ್ಪಾಗಿಸುವ ಕಿರಣಗಳು ಸುಮಾರು 290ರಿಂದ 400 ನ್ಯಾನೋಮೀಟರ್ ಉದ್ದದವು. ಅವುಗಳೆದುರು ಈ ಆಮ್ಲದ ಆಟ ನಡೆಯದು. ಬಿಸಿಲಿಗೆ ಛತ್ರಿ, ತೋಳು ಮುಚ್ಚುವ ಹತ್ತಿಯ ಉಡುಪು, ಪರೀಕ್ಷಿತವಾದ ಲೇಪನ ಇವೇ ಸರಿಯಾದ ಉಪಾಯಗಳು.

ಇದೇ ಆಮ್ಲವು ಗಾಳಿಯೊಡನೆ ಬೇಗನೆ ಸಂಯೋಗ ಹೊಂದುತ್ತದೆ. ಮರದ ಸಾಮಾನುಗಳಿಗೆ ಬಳಿಯುವ ಟಂಗ್ ಎಣ್ಣೆಯು ಒಣಗಿ ಗಟ್ಟಿಯಾಗುವುದು ಇದರಿಂದಲೇ. ಆದುದರಿಂದ ಚೆರ್ರಿ ಬೀಜದ ಎಣ್ಣೆಯನ್ನು ಬಣ್ಣದ ಗಾಜಿನ ಸೀಸೆಯಲ್ಲಿ, ಬಿಗಿಯಾಗಿ ಮುಚ್ಚಿ, ತಂಪಾದ ಕತ್ತಲೆಯ ಜಾಗದಲ್ಲಿ ಇಡತಕ್ಕದ್ದು. ಕಮಟು ವಾಸನೆ ಬಂದರೆ ಎಸೆಯುವುದು ಕ್ಷೇಮ.

ಕೇಶಗಳಿಗೆ ಎಷ್ಟು?

ಹೊರಗೆ ಕಾಣುವ ಕೂದಲು ನಿರ್ಜೀವ ವಸ್ತು. ಅದು ಬೆಳೆಯುವುದು ಚರ್ಮದೊಳಗಿನ ಬುಡದಲ್ಲಿ. ಮೇಲೆ ಹಚ್ಚಿದ ಯಾವ ಬೀಜದೆಣ್ಣೆಯೂ ಹೊಸ ಕೂದಲನ್ನು ಹುಟ್ಟಿಸಲಾರದು. ಎಣ್ಣೆಯು ಮಾಡಬಲ್ಲದ್ದು ಕೂದಲಿನ ಸವೆತವನ್ನು ತಗ್ಗಿಸುವುದು, ಸಿಕ್ಕನ್ನು ಸಡಿಲಿಸುವುದು, ಹೊಳಪು ಕೊಡುವುದು. ಈ ಕಾರ್ಯದಲ್ಲಿ ತೆಂಗಿನೆಣ್ಣೆಯದೇ ಮೇಲುಗೈ. 2003ರಲ್ಲಿ ಮುಂಬಯಿಯ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆಯು ಕೂದಲಿನ ಪ್ರೋಟೀನು ನಷ್ಟವನ್ನು ತಗ್ಗಿಸಿತು. ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳಿಂದ ಅದು ಸಾಧ್ಯವಾಗಲಿಲ್ಲ. ಸಂಶೋಧಕರು ತೆಂಗಿನೆಣ್ಣೆ ಮಾರುವ ಉದ್ಯಮಕ್ಕೇ ಸೇರಿದವರೆಂಬುದು ಗಮನಾರ್ಹ. ಆದರೂ ಅವರು ಕೊಟ್ಟ ಕಾರಣವು ಯುಕ್ತವಾಗಿದೆ. ತೆಂಗಿನೆಣ್ಣೆಯ ಲಾರಿಕ್ ಆಮ್ಲದ ಅಣುಗಳು ಚಿಕ್ಕವಾಗಿ ನೇರವಾಗಿರುವುದರಿಂದ ಕೂದಲಿನ ಒಳಕ್ಕೆ ಇಳಿಯಬಲ್ಲವು. ಚೆರ್ರಿ ಬೀಜದ ಎಣ್ಣೆಯ ಅಣುಗಳಾದರೋ ಸೂರ್ಯಕಾಂತಿಯವುಗಳಂತೆ ಉದ್ದವೂ ಬಾಗಿದವೂ ಆಗಿವೆ. ಆದುದರಿಂದ ಅದನ್ನು ಕೂದಲಿನ ತುದಿಗಳಿಗೆ ಹೊಳಪಿಗಾಗಿ ಒಂದೆರಡು ಹನಿ ಸವರಿದರೆ ಸಾಕು.

ತಲೆಹೊಟ್ಟಿಗೆ ಕಾರಣವಾಗುವ ಶಿಲೀಂಧ್ರವು ಎಣ್ಣೆಯಂಶವನ್ನೇ ಆಶ್ರಯಿಸಿ ಬದುಕುತ್ತದೆ. ಹೊಟ್ಟಿದ್ದಾಗ ರಾತ್ರಿಯಿಡೀ ಎಣ್ಣೆ ಮೆತ್ತಿಕೊಂಡು ಮಲಗುವುದು ಉಚಿತವಲ್ಲ. ಕೂದಲು ಏಕಾಏಕಿ ಉದುರುತ್ತಿದ್ದರೆ ರಕ್ತಹೀನತೆ, ಥೈರಾಯಿಡ್ ದೋಷ, ಇತ್ತೀಚೆಗೆ ಬಂದುಹೋದ ತೀವ್ರ ಜ್ವರ ಅಥವಾ ಹೆರಿಗೆ ಕಾರಣವಾಗಿರಬಹುದು. ಎಣ್ಣೆ ಬದಲಿಸುತ್ತ ತಿಂಗಳುಗಳನ್ನು ಕಳೆಯುವ ಬದಲು ವೈದ್ಯರನ್ನು ಕಾಣುವುದು ಲೇಸು.

ಮನೆಯಲ್ಲಿ ತಯಾರಿಸಬಾರದು

ಕಹಿ ಬಾದಾಮಿಯಂತೆ ಚೆರ್ರಿಯ ತಿರುಳಿನಲ್ಲಿಯೂ ಅಮಿಗ್ಡಲಿನ್ ಎಂಬ ವಸ್ತುವಿದೆ. ತಿರುಳನ್ನು ಜಜ್ಜಿ ನೀರು ಸೋಕಿಸಿದಾಗ, ಅದರಲ್ಲಿಯೇ ಇರುವ ಕಿಣ್ವದ ಪ್ರಭಾವದಿಂದ ಅಮಿಗ್ಡಲಿನ್ ಒಡೆದು ಸಯನೈಡ್ ವಿಷವು ಹೊರಬೀಳುತ್ತದೆ. ಈ ಕ್ರಿಯೆಯನ್ನು ಜರ್ಮನಿಯ ವೋಲರ್ ಮತ್ತು ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞರು 1837ರಲ್ಲಿಯೇ ವಿವರಿಸಿದ್ದರು. ಅಮಿಗ್ಡಲಿನ್ ನೀರಿನಲ್ಲಿ ಕರಗುವ ವಸ್ತು. ಸರಿಯಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಅದು ಉಳಿಯುವುದಿಲ್ಲ. ಆದರೆ ಮನೆಯಲ್ಲಿ ತಿರುಳನ್ನು ಅರೆದು ಮುಖಕ್ಕೆ ಲೇಪಿಸುವುದು, ಮಕ್ಕಳ ಕೈಗೆ ಸಿಗುವಂತೆ ಇಡುವುದು, ಔಷಧವೆಂದು ತಿನ್ನುವುದು ಸರ್ವಥಾ ಕೂಡದು. ಹಣ್ಣು ತಿನ್ನುವಾಗ ಒಂದು ಓಟೆಯನ್ನು ಇಡಿಯಾಗಿ ನುಂಗಿದರೆ ಗಾಬರಿಪಡಬೇಕಾಗಿಲ್ಲ. ಅಗಿದು ಪುಡಿಮಾಡಿ ತಿಂದಾಗಲೇ ಅಪಾಯ. ಪ್ರಸಾಧನಕ್ಕೆಂದು ಮಾರುವ ಎಣ್ಣೆಯನ್ನು ಅಡುಗೆಗೂ ಬಳಸಬಾರದು.

ಬಳಸುವ ಕ್ರಮ

೧. ಮೊದಲು ಮುಂಗೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ಎರಡು ದಿನ ನೋಡಬೇಕು. ತುರಿಕೆ, ಕೆಂಪು, ಗಂಧೆಗಳು ಕಂಡರೆ ಬಿಡಬೇಕು. ಬಾದಾಮಿ ಒಗ್ಗದವರು ವೈದ್ಯರನ್ನು ಕೇಳದೆ ಬಳಸಬಾರದು.

೨. ಸ್ನಾನಾನಂತರ ಮೈ ಇನ್ನೂ ತೇವವಾಗಿರುವಾಗಲೇ ಮೂರು ನಾಲ್ಕು ಹನಿಗಳನ್ನು ಸವರಿದರೆ ಆ ತೇವವು ಚರ್ಮದಲ್ಲಿ ನಿಲ್ಲುತ್ತದೆ. ದೆಹಲಿಯ ಒಣ ಚಳಿಗಾಲಕ್ಕೆ ಇದು ಹೆಚ್ಚು ಯೋಗ್ಯ.

೩. ಚೆನ್ನೈ, ಮುಂಬಯಿಗಳ ಸೆಕೆಯಲ್ಲಿ ಬೆವರುಸಾಲೆ ಎದ್ದಾಗ ಯಾವ ಎಣ್ಣೆಯನ್ನೂ ಹಚ್ಚಬಾರದು. ಬೆವರಿನ ರಂಧ್ರಗಳು ಮತ್ತಷ್ಟು ಮುಚ್ಚಿಕೊಳ್ಳುತ್ತವೆ.

೪. ಗಾಯ, ಕೀವುಗುಳ್ಳೆ, ಒಸರುವ ಇಸಬುಗಳ ಮೇಲೆ ಹಚ್ಚಬಾರದು.

೫. ಹಸುಗೂಸುಗಳ ಚರ್ಮವು ಅತಿ ಸೂಕ್ಷ್ಮ. ಅವುಗಳಿಗೆ ಯಾವ ಹೊಸ ಎಣ್ಣೆಯನ್ನೂ ಮಕ್ಕಳ ವೈದ್ಯರ ಸಲಹೆಯಿಲ್ಲದೆ ತಿಕ್ಕಬಾರದು.

ಒಟ್ಟಿನಲ್ಲಿ ಚೆರ್ರಿ ಬೀಜದ ಎಣ್ಣೆಯು ಒಣಚರ್ಮಕ್ಕೆ ಒಳ್ಳೆಯದೊಂದು ಎಣ್ಣೆ, ಆದರೆ ಸಂಜೀವಿನಿಯಲ್ಲ. ಅನುಕೂಲವಿದ್ದವರು, ಅದರ ಸ್ಪರ್ಶವು ಹಿತವೆನಿಸಿದವರು ಅದನ್ನು ಮಿತವಾಗಿ ಬಳಸಬಹುದು. ಅನುಕೂಲವಿಲ್ಲದವರು ಕೊರಗಬೇಕಾಗಿಲ್ಲ, ಚರ್ಮಕ್ಕೆ ಕುಸುಬೆ ಅಥವಾ ಸೂರ್ಯಕಾಂತಿ, ಕೂದಲಿಗೆ ತೆಂಗು ಇವು ಅಡುಗೆಮನೆಯಲ್ಲಿಯೇ ದೊರೆಯುತ್ತವೆ.